ಸ್ಪ್ರೇ ಗನ್ನಲ್ಲಿ ಬೀರುಗೆ ಡ್ಯೂಕೋ ಹೊಡ್ದೆ, ಬೂದಿ ಬಳಿದಂಗಾಯ್ತು. ಎಲ್ಲಿ ಎಡವಟ್ಟಾಗಿದೆ?

ಸಾಗರದ_ಹುಡುಗ:

ಎಲ್ರಿಗೂ ನಮಸ್ಕಾರ, ಮೊದಲ್ನೇ ಸಲ ಇಲ್ಲಿ ಬರೀತಿರೋದು, ಉದ್ದ ಆದ್ರೆ ಸಹಿಸ್ಕೊಳ್ಳಿ. ಮನೇಲಿ ಅಪ್ಪನ ಕಾಲದ ಕಬ್ಬಿಣದ ಬೀರು ಒಂದಿದೆ, ಎರಡು ಬಾಗಿಲಿಂದು, ಕಾಲಿನ ಹತ್ರ ಸ್ವಲ್ಪ ತುಕ್ಕು ಬಂದಿದ್ದು ಬಿಟ್ರೆ ಗಟ್ಟಿಮುಟ್ಟಾಗಿದೆ. ಪೇಂಟರ್‌ನ ಕೇಳಿದ್ರೆ ಒಂದು ಬೀರುಗೋಸ್ಕರ ಯಾರು ಸ್ವಾಮಿ ಕಂಪ್ರೆಸರ್ ಹೊತ್ಕೊಂಡ್ ಬರ್ತಾರೆ ಅಂದ. ಹಠಕ್ಕೆ ಬಿದ್ದು ಆನ್‌ಲೈನಲ್ಲಿ 1 ಎಚ್‌ಪಿ, 24 ಲೀಟರ್ ಟ್ಯಾಂಕಿನ ಕಂಪ್ರೆಸರ್ರು, ಮೇಲೆ ಕಪ್ ಇರೋ ಗನ್ನು ಎರಡೂ ತರಿಸ್ಬಿಟ್ಟೆ. ಗನ್ ಮೇಲೆ ಎಚ್‌ವಿಎಲ್‌ಪಿ ಅಂತ ಬರ್ದಿದೆ, ನಾಝಲ್ 1.4 ಎಂಎಂ.

ಎಮರಿ ಪೇಪರ್ ಹಾಕಿ ಉಜ್ಜಿ, ತುಕ್ಕಿದ್ದ ಕಡೆ ಬ್ರಷ್ಷಲ್ಲಿ ರೆಡ್ ಆಕ್ಸೈಡ್ ಹಚ್ಚಿ, ಒಂದು ರಾತ್ರಿ ಬಿಟ್ಟು, ಮಾರನೇ ದಿನ ಕಪ್ಪು ಡ್ಯೂಕೋಗೆ ಥಿನ್ನರ್ ಬೆರೆಸಿ ಹೊಡ್ದೆ. ಹೊರಗೆ ಮಳೆ ಬೇರೆ, ಧೂಳು ಕೂರಬಾರ್ದು ಅಂತ ಬಚ್ಚಲುಮನೆ ಪಕ್ಕದ ಕೋಣೇಲಿ ಬಾಗಿಲು ಕಿಟಕಿ ಎಲ್ಲಾ ಹಾಕ್ಕೊಂಡೇ ಮಾಡಿದ್ದು.

ಈಗ ಹಿಂಗಾಗಿದೆ ನೋಡಿ: ಹೊಡೆದ ಹತ್ತು ನಿಮಿಷಕ್ಕೆ ಕಪ್ಪು ಹೋಗಿ ಮೇಲೆಲ್ಲಾ ಬಿಳಿ ಮಬ್ಬು, ಯಾರೋ ಬೂದಿ ಬಳಿದಂಗೆ. ಎಡಗಡೆ ಬಾಗಿಲು ಇಡೀ ಸುಕ್ಕು, ಹಾಲಿನ ಕೆನೆ ಥರ ಎದ್ದು ಬಂದಿದೆ, ಕಾಲಿನ ಹತ್ರಾನೂ ಅದೇ ಕಥೆ, ಆದ್ರೆ ಬಲಗಡೆ ಬಾಗಿಲು ಒಂಚೂರೂ ಸುಕ್ಕಾಗಿಲ್ಲ. ಅದೇ ಡಬ್ಬಿ, ಅದೇ ಗನ್ನು, ಅದೇ ಕೈ! ಬಲಗಡೆ ಬಾಗಿಲಿಗೆ ಬೇರೆ ರೋಗ, ಮೇಲಿನ ಅರ್ಧ ನೈಸಾಗಿದೆ, ಕೆಳಗೆ ಬರ್ತಾ ಬರ್ತಾ ಕಿತ್ತಳೆ ಸಿಪ್ಪೆ ಥರ ಗುಳಿ ಗುಳಿ. ಮಧ್ಯ ಮಧ್ಯ ಗನ್ನು ಪಿಚಕ್ ಪಿಚಕ್ ಅಂತ ಉಗೀತಿತ್ತು. ರಾತ್ರಿ ತಲೆನೋವು ಬಂದು ಊಟ ಸೇರ್ಲಿಲ್ಲ. ಗನ್ ವಾಪಸ್ ಕಳಿಸಿ ಒಳ್ಳೇದು ತಗೊಳ್ಳಾ ಅಂತ ಯೋಚ್ನೆ ಮಾಡ್ತಿದೀನಿ. ಏನಂತೀರಿ?

ಹುಬ್ಬಳ್ಳಿ_ಟಿಂಕರ್:

ತಮ್ಮಾ, ಮೊದ್ಲ ಬೈತೀನಿ, ಆಮ್ಯಾಲ ಹೇಳ್ತೀನಿ, ಸಿಟ್ಟಾಗಬ್ಯಾಡ. ಬಾಗಲಾ ಹಾಕ್ಕೊಂಡು ಥಿನ್ನರ್ ಹೊಡದಿ, ಅದೂ ಬಚ್ಚಲದ ಬಾಜೂಕ. ನಿಮ್ಮ ಕಡೆ ಬಚ್ಚಲದಾಗ ಹಂಡೆ ಒಲಿ ಇರತಾವಲ್ಲ, ಅವತ್ತ ಅದು ಉರೀತಿತ್ತೇನು? ಥಿನ್ನರ್ ಹವಾ ಮ್ಯಾಲ ಹೋಗಂಗಿಲ್ಲಪಾ, ಅದು ಗಾಳಿಗಿಂತ ಭಾರ, ನೆಲಾ ಹಿಡಕೊಂಡ ಬಾಗಲದ ಸಂದ್ಯಾಗಿಂದ ಹರಕೋತ ಹೋಗತೈತಿ, ಒಲಿ ಎಲ್ಲೈತಿ ಅಂತ ಹುಡಿಕ್ಕೊಂಡ ಹೋದಂಗ. ಅದರಾಗ ಇರೂ ಟಾಲ್ವೀನ್ 4 ಡಿಗ್ರಿ ಸೆಲ್ಸಿಯಸ್‌ಗ ಬೆಂಕಿ ಹಿಡಿಯುವಷ್ಟು ಹವಾ ಬಿಡತೈತಿ, ಅಂದ್ರ ನಮ್ಮ ಕಡೆ ವರ್ಷಪೂರ್ತಿ. ಮ್ಯಾಲ ಅದ ಖೋಲ್ಯಾಗ ಕಂಪ್ರೆಸರ್ ಇಟ್ಟಿ ಅಂತ ಕಾಣ್ತೈತಿ. ಟ್ಯಾಂಕ್ ತುಂಬಿದಾಗೊಮ್ಮೆ ಟಕ್ ಅಂತ ಬಂದ್ ಆಗಿ ಮತ್ತ ಟಕ್ ಅಂತ ಚಾಲೂ ಆಗತೈತಲ್ಲ, ಆ ಪ್ರೆಶರ್ ಸ್ವಿಚ್ಚಿನ್ಯಾಗ ಪ್ರತಿ ಸಲ ಕಿಡಿ ಇರತೈತಿ. ಖೋಲ್ಯಾಗಿನ ಸಾದಾ ಫ್ಯಾನೂ ಹಂಗ. ಬೀಡಿ ಸೇದಬ್ಯಾಡ ಅಂತ ಎಲ್ಲಾರೂ ಹೇಳ್ತಾರ, ಸ್ವಿಚ್ಚಿಂದು ಯಾರೂ ಹೇಳಂಗಿಲ್ಲ.

ಕಂಪ್ರೆಸರ್ ಹೊರಗ ಇಡು, ಪೈಪ್ ಉದ್ದ ತಗೋ, ಆದ್ರ 6 ಎಂಎಂ ಸಣ್ಣ ಪೈಪ್ ಬ್ಯಾಡ, ಒಳಗಿನ ತೂತು 8 ಎಂಎಂ ಇರೂದು ತಗೋ, ಸಣ್ಣ ಪೈಪಿನ್ಯಾಗ ಗಾಳಿ ಹೋಗೂದರಾಗ ಅರ್ಧಾ ಸೋಲತೈತಿ. ಎರಡೂ ಕಡೆ ತೆರೆದಿರೋ ಪಡಸಾಲಿಯೊಳಗ ಹೊಡಿ, ಧೂಳ ಬಂದ್ರ ಬರ್ಲಿ, ಡ್ಯೂಕೋ ಒಣಗಾಕ ಹದಿನೈದ ನಿಮಿಷ, ಕುಂತ ಧೂಳು ವಾಟರ್ ಪೇಪರಿಗೆ ಹೋಗತೈತಿ.

ಇನ್ನ ಕೈ. ನೀ ಹೊಡಿಯೂದು ನಾ ನೋಡಿಲ್ಲ, ಆದ್ರೂ ಹೊಸಬ್ರೆಲ್ಲಾ ಮಾಡೂದು ಒಂದ ತಪ್ಪು, ಅಂಗಳ ಸಾರಿಸಿದಂಗ ಕೈ ಬಾಗಿಸಿ ಅರ್ಧಚಂದ್ರ ತಿರಗಸ್ತಾರ. ನಡಬರಕ ದಪ್ಪ ಕೂಡತೈತಿ, ಎರಡೂ ತುದಿಗೆ ಬರೇ ಪುಡಿ. ಮಣಿಕಟ್ಟ ಬಿಗಿ ಇರ್ಲಿ, ಭುಜದಿಂದ ಕೈ ಸರೀಲಿ, ಗನ್ನು ಬಾಗಲಕ್ಕ ನೆಟ್ಟಗ ಇರ್ಲಿ. ದೂರ ಒಂದು ಗೇಣಕ್ಕಿಂತ ತುಸು ಕಮ್ಮಿ, ಆರರಿಂದ ಎಂಟ ಇಂಚು. ವೇಗ ಸೆಕೆಂಡಿಗೆ ಒಂದ ಫೂಟ್ ಹಿಡಿ. ಟ್ರಿಗರ್ ಬಾಗಲದ ಅಂಚಿಗಿಂತ ನಾಕ ಬೆರಳ ಮೊದ್ಲ ಒತ್ತಬೇಕು, ಅಂಚು ದಾಟಿದ ಮ್ಯಾಲ ಬಿಡಬೇಕು, ಮತ್ತ ಎರಡ್ನೇ ಪಟ್ಟಿ ಮೊದಲ್ನೇದರ ಅರ್ಧದ ಮ್ಯಾಲ ಕೂಡಬೇಕು. ಒಂದ ಕೋಟಿಗೆ ಕಪ್ಪಗ ಮಾಡ್ತೀನಿ ಅಂದ್ರ ಸೋರತೈತಿ. ಮೊದಲ್ನೇ ಕೋಟ್ ಕೆಳಗಿಂದು ಕಾಣೂ ಹಂಗ ತೆಳ್ಳಗ ಇರ್ಲಿ.

ಒಂದ ಮಾತ ಕೇಳ್ತೀನಿ. ಕಂಪ್ರೆಸರ್ ಟ್ಯಾಂಕಿನ ಹೊಟ್ಟಿ ಕೆಳಗ ಒಂದು ಸಣ್ಣ ತಿರುಪ ಐತಲ್ಲ, ತಂದಾಗಿಂದ ಒಮ್ಮೆರ ತೆರದೀ ಏನು?

ಪೀಣ್ಯ_ಫ್ಯಾಬ್ರಿಕೇಟರ್:

ಹುಬ್ಬಳ್ಳಿ ಅಣ್ಣ ಹೇಳಿದ್ದು ನೂರಕ್ಕೆ ನೂರು. ಗನ್ ವಾಪಸ್ ಕಳಿಸ್ಬೇಡಿ ಬಾಸ್, ಗನ್ ಏನೂ ತಪ್ಪು ಮಾಡಿಲ್ಲ ಪಾಪ. ನಿಮ್ದು ಮೂರು ಬೇರೆ ಬೇರೆ ಕಾಯಿಲೆ, ಒಂದೇ ದಿನ ಬಂದಿದೆ ಅಷ್ಟೇ.

ಬಿಳಿ ಮಬ್ಬು ಸುಲಭ. ಅದಕ್ಕೆ ಬ್ಲಶ್ ಆಗೋದು ಅಂತೀವಿ. ನೀವು ಹೊಡೆದ ಡ್ಯೂಕೋ ಅಂದ್ರೆ ಎನ್‌ಸಿ, ನೈಟ್ರೋಸೆಲ್ಯುಲೋಸ್ ಪೇಂಟು, ಅದರ ಥಿನ್ನರ್ ಸರ್ರಂತ ಆರುತ್ತೆ, ಆರ್ತಾ ಆರ್ತಾ ತಗಡನ್ನ ತಣ್ಣಗೆ ಮಾಡುತ್ತೆ, ಫ್ರಿಜ್ಜಿಂದ ತೆಗೆದ ಬಾಟ್ಲಿ ಮೇಲೆ ನೀರು ಕೂತ್ಕೊಳ್ಳಲ್ವಾ ಅದೇ ಥರ ಮಳೆಗಾಲದ ತೇವ ಪೇಂಟ್ ಒಳಗೇ ಕೂತ್ಬಿಡುತ್ತೆ. ಸಾಗರದಲ್ಲಿ ಆಷಾಢದಲ್ಲಿ ಸಾದಾ ಥಿನ್ನರ್ ಹಾಕಿ ಡ್ಯೂಕೋ ಹೊಡ್ದು ಕಪ್ಪು ಬರ್ಲಿಲ್ಲ ಅಂದ್ರೆ ಹೆಂಗೆ ಗುರು :) ಅಂಗಡೀಲಿ ರಿಟಾರ್ಡರ್ ಅಂತ ಕೇಳಿ, ಕೆಲವ್ರು ಆಂಟಿ ಬ್ಲಶ್ ಥಿನ್ನರ್ ಅಂತಾರೆ, ನಿಧಾನಕ್ಕೆ ಆರೋ ಜಾತಿ. ಎನ್‌ಸಿ ಒಣಗಿದ್ಮೇಲೂ ತನ್ನ ಥಿನ್ನರಲ್ಲಿ ಮತ್ತೆ ಕರಗುತ್ತೆ, ಅದೇ ಅದರ ಒಳ್ಳೇ ಗುಣ, ಹಾಗಾಗಿ ಬಲಗಡೆ ಬಾಗಿಲಿಗೆ ಬಿಸಿಲು ಬಂದ ಮಧ್ಯಾಹ್ನ ರಿಟಾರ್ಡರ್ ಬೆರೆಸಿದ ಥಿನ್ನರನ್ನ ಮಂಜು ಬಿದ್ದಂಗೆ ಒಂದು ಸಲ ತೆಳ್ಳಗೆ ಬಿಡಿ, ಒಳಗಿನ ನೀರು ಹೊರಗೆ ಹೋಗಿ ಕಪ್ಪು ವಾಪಸ್ ಬರುತ್ತೆ. ಉಜ್ಜೋದೂ ಬೇಡ. ತಗಡು ಮುಟ್ಟಿದ್ರೆ ಥಂಡಿ ಇದ್ಯಾ, ಅವತ್ತು ಹೊಡೀಬೇಡಿ. ಫ್ಯಾಕ್ಟ್ರಿ ಕೆಲ್ಸದಲ್ಲಿ ನಾವು ಇಬ್ಬನಿ ಕೂರೋ ಉಷ್ಣಾಂಶಕ್ಕಿಂತ ಉಕ್ಕು ಕನಿಷ್ಠ 3 ಡಿಗ್ರಿ ಬಿಸಿ ಇದ್ರೇನೇ ಕೈ ಹಾಕೋದು.

ಎಡಗಡೆ ಬಾಗಿಲು ನಂಗೆ ಇಂಟರೆಸ್ಟಿಂಗ್ ಅನ್ನಿಸ್ತು. ನನ್ನ ಅಂದಾಜು, ಆ ಬಾಗಿಲಿಗೆ ಮಾತ್ರ ಹಿಂದೆ ಯಾರೋ ಬ್ರಷ್ಷಲ್ಲಿ ಸಿಂಥೆಟಿಕ್ ಎನಾಮೆಲ್ ಹೊಡ್ದಿದಾರೆ. ಬೀರು ಕಂಪನಿಯಿಂದ ಬರೋವಾಗ ಪೇಂಟ್‌ನ ಓವನ್ನಲ್ಲಿ ಸುಟ್ಟಿರ್ತಾರೆ, ಅದಕ್ಕೆ ಥಿನ್ನರ್ ಅಷ್ಟಾಗಿ ತಾಗಲ್ಲ, ಬಲಗಡೆ ಬಚಾವ್. ಮನೇಲಿ ಹೊಡೆದ ಎನಾಮೆಲ್ ಮೇಲೆ ಎನ್‌ಸಿ ಥಿನ್ನರ್ ಬಿತ್ತು ಅಂದ್ರೆ ಅದು ಉಬ್ಬಿ ಕೆನೆ ಕಟ್ಟುತ್ತೆ. ಕಾಲಿನ ಹತ್ರ ಸುಕ್ಕಾಗಿದ್ದೂ ಅದಕ್ಕೇ, ರೆಡ್ ಆಕ್ಸೈಡೂ ಅದೇ ಎಣ್ಣೆ ಜಾತಿ, ಒಂದು ರಾತ್ರಿಗೆ ಎಲ್ಲಿ ಗಟ್ಟಿಯಾಗುತ್ತೆ. ಎನಾಮೆಲ್‌ನ ಎನ್‌ಸಿ ಮೇಲೆ ಹೊಡೀಬಹುದು, ಎನ್‌ಸಿನ ಎನಾಮೆಲ್ ಮೇಲೆ ಹೊಡೀಬಾರ್ದು, ಇದನ್ನ ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ಬರೀಬೇಕು ಅಂತ ನಂಗೆ ಎಷ್ಟೋ ಸಲ ಅನ್ಸಿದೆ. ಆ ಬಾಗಿಲು ತಗಡು ಕಾಣೋವರೆಗೂ ತೆಗೀರಿ, ಬೇರೆ ದಾರಿ ಇಲ್ಲ, ಕಾಲಿನ ಹತ್ರಾನೂ ಅಷ್ಟೇ. ಆಮೇಲೆ ಎನ್‌ಸಿ ಸರ್ಫೇಸರ್, ಅಂದ್ರೆ ಪ್ರೈಮರ್ ಥರ ಅಡಿ ಕೋಟು, ಅದನ್ನ ಹೊಡ್ದು ಮೇಲೆ ಬನ್ನಿ. ಉಜ್ಜೋವಾಗ ಒಣದಾಗಿ ಬೇಡ, ನೀರು ಹಾಕ್ಕೊಂಡು ವಾಟರ್ ಪೇಪರಲ್ಲಿ ಉಜ್ಜಿ. ಪೇಂಟಲ್ಲಿ ಸೀಸ 90 ಪಿಪಿಎಂ ದಾಟಬಾರ್ದು ಅನ್ನೋ ರೂಲ್ಸು ನಮ್ಮಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರಲ್ಲಿ, ಅಪ್ಪನ ಕಾಲದ ಡಬ್ಬೀಲಿ ಎಷ್ಟಿತ್ತೋ ಯಾರಿಗೆ ಗೊತ್ತು, ಮನೇಲಿ ಮಕ್ಕಳಿದ್ರಂತೂ ಆ ಪುಡಿ ಹಾರಿಸ್ಲೇಬೇಡಿ.

ಕಿತ್ತಳೆ ಸಿಪ್ಪೆ ಕಥೆ ಕಂಪ್ರೆಸರ್ದು. ಎಚ್‌ವಿಎಲ್‌ಪಿ ಅಂದ್ರೆ ಪ್ರೆಶರ್ ಕಮ್ಮಿ ಗಾಳಿ ಜಾಸ್ತಿ, ಗನ್ ಮೂತೀಲಿರೋ ಏರ್ ಕ್ಯಾಪಲ್ಲಿ 10 ಪಿಎಸ್‌ಐ ಒಳಗೆ ಕೆಲ್ಸ ಮಾಡುತ್ತೆ, ಪೇಂಟ್ ಹೊಗೆಯಾಗಿ ಹಾರಿಹೋಗೋದು ಕಮ್ಮಿ. ಆದ್ರೆ ದೊಡ್ಡ ಸೈಜಿನ ಗನ್ನುಗಳು 8-10 ಸಿಎಫ್‌ಎಂ, ಅಂದ್ರೆ ನಿಮಿಷಕ್ಕೆ 8-10 ಘನ ಅಡಿಗಿಂತ ಮೇಲೇನೇ ಗಾಳಿ ಕುಡಿಯುತ್ತೆ. ನಿಮ್ಮ 1 ಎಚ್‌ಪಿ ನಿಜವಾಗಿ ಕೊಡೋದು 3, ಜಾಸ್ತಿ ಅಂದ್ರೆ 4. ಟ್ಯಾಂಕ್ ತುಂಬಿದಾಗ ಬಾಗಿಲಿನ ಮೇಲಿನ ಅರ್ಧ ಹೊಡ್ದಿದೀರಿ, ಕೆಳಗೆ ಬರೋ ಹೊತ್ತಿಗೆ ಗಾಳಿ ಸೋತಿದೆ, ಪೇಂಟ್ ಒಡೆದು ಮಂಜಾಗೋ ಬದ್ಲು ದಪ್ಪ ಹನಿಯಾಗಿ ಬಿದ್ದಿದೆ. ಕಂಪ್ರೆಸರ್ ಬದಲಾಯಿಸೋದೇನ್ ಬೇಡ, ಎರಡು ಪಟ್ಟಿ ಹೊಡೀರಿ, ನಿಲ್ಲಿಸಿ, ಮೋಟರ್ ಆಫ್ ಆಗೋವರೆಗೂ ಕಾದು ಮತ್ತೆ ಹೊಡೀರಿ. ಗನ್ ಬುಡದಲ್ಲಿ ಒಂದು ಸಣ್ಣ ಮೀಟರ್ ಹಾಕಿಸ್ಕೊಳ್ಳಿ, ಟ್ರಿಗರ್ ಒತ್ತಿ ಗಾಳಿ ಹೋಗ್ತಿರೋವಾಗ ಅದು 25-30 ಪಿಎಸ್‌ಐ ತೋರಿಸ್ಬೇಕು. ಟ್ರಿಗರ್ ಬಿಟ್ಟಾಗ ತೋರಿಸೋ ನಂಬರ್ ಸುಳ್ಳು.

ಹದದ ಬಗ್ಗೆ ನೀವು ಏನೂ ಹೇಳಿಲ್ಲ. ಎನ್‌ಸಿಗೆ ಸಾಮಾನ್ಯವಾಗಿ ಥಿನ್ನರ್ ಸರಿಸಮ ಬೀಳುತ್ತೆ, ಆದ್ರೂ ಡಬ್ಬಿ ಓದಿ. ಬಿ4 ಫೋರ್ಡ್ ಕಪ್ ಅಂತ ತಳದಲ್ಲಿ ತೂತಿರೋ ಲೋಟ ಸಿಗುತ್ತೆ, ತುಂಬಿಸಿ ಬಿಟ್ರೆ 20 ಸೆಕೆಂಡ್ ಆಚೀಚೆ ಧಾರೆ ಕಡೀಬೇಕು. ಕಪ್ ಇಲ್ಲಾಂದ್ರೆ ಕಡ್ಡಿ ಅದ್ದಿ ಎತ್ತಿ, ಹಾಲಿನ ಧಾರೆ ಥರ ಇಳಿದು ಹನಿ ಹನಿಯಾದ್ರೆ ಸರಿ, ದೋಸೆ ಹಿಟ್ಟಿನ ಥರ ಎಳೆ ಬಂದ್ರೆ ಇನ್ನೂ ಹಾಕಿ. ಹಳೇ ನೈಲಾನ್ ಸಾಕ್ಸಲ್ಲಿ ಸೋಸ್ಕೊಂಡೇ ಕಪ್ಪಿಗೆ ಹಾಕಿ.

ಸಾಗರದ_ಹುಡುಗ:

ಪೀಣ್ಯ ಸರ್ ನೀವೇನು ಜ್ಯೋತಿಷ್ಯ ಹೇಳ್ತೀರಾ! ಅಮ್ಮನ್ನ ಕೇಳ್ದೆ, ಅಕ್ಕನ ಮದ್ವೆ ಟೈಮಲ್ಲಿ ಎಡಗಡೆ ಬಾಗಿಲ ಮೇಲೆ ಅರಿಶಿನದ ನೀರು ಚೆಲ್ಲಿ ಕಲೆ ಆಗಿತ್ತಂತೆ, ಅಪ್ಪ ಗೇಟಿಗೆ ತಂದು ಉಳಿದಿದ್ದ ಬೂದು ಎನಾಮೆಲ್‌ನ ಅದೊಂದಕ್ಕೇ ಹೊಡ್ದಿದ್ರಂತೆ. ಹಂಡೆ ಒಲೆ ವಿಷ್ಯ ಓದಿ ಎದೆ ಧಸಕ್ ಅಂತು, ಅವತ್ತು ಸಂಜೆ ಅಮ್ಮ ಒಲೆ ಹಚ್ಚೋಕೂ ನಾನು ಗನ್ ತೊಳೆಯೋಕೂ ಒಂದು ಗಂಟೆ ಅಂತರ ಇತ್ತಷ್ಟೇ.

ಇನ್ನೆರಡು ಡೌಟು. ಕೊರೋನಾ ಟೈಮಿನ ಎನ್95 ಮಾಸ್ಕ್ ಒಂದು ಡಬ್ಬ ಇದೆ, ಅದು ಸಾಕಲ್ವಾ? ಮತ್ತೆ ಅಂಗಡಿಯೋನು ಎನ್‌ಸಿ ಬಿಟ್ಟು ಪಿಯು, ಅಂದ್ರೆ ಪಾಲಿಯುರೆಥೇನ್ ಪೇಂಟ್ ಹೊಡೀರಿ, ಹಾರ್ಡ್‌ನರ್ ಬೆರೆಸೋದು, ಕನ್ನಡಿ ಥರ ಬರುತ್ತೆ, ವಾಸನೇನೂ ಕಮ್ಮಿ ಅಂದ. ಹೌದಾ?

ಕುಡ್ಲ_ಟು_ಅಬುಧಾಬಿ:

ಮಾರಾಯ್ರೇ, ಆ ಪಿಯು ಮಾತ್ರ ಮನೆಯಲ್ಲಿ ಮಾಡ್ಲಿಕ್ಕೆ ಹೋಗ್ಬೇಡಿ. ನಾನಿಲ್ಲಿ ಬಾಡಿ ಶಾಪಲ್ಲಿ ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡುವುದು, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ.

ಹಾರ್ಡ್‌ನರ್‌ನಲ್ಲಿ ಇರುವುದು ಐಸೋಸಯನೇಟ್. 1984ರಲ್ಲಿ ಭೋಪಾಲದಲ್ಲಿ ಸೋರಿದ್ದು ಸಹ ಆ ಕುಟುಂಬದ್ದೇ ಒಂದು, ಆದ್ರೆ ಅದು ಬೇರೆ, ಅದು ಸುಮಾರು 39 ಡಿಗ್ರಿಗೇ ಕುದಿಯುವಂಥದ್ದು. ಹಾರ್ಡ್‌ನರ್‌ದು ಹಾಗೆಲ್ಲ ಸುಲಭದಲ್ಲಿ ಆವಿ ಆಗುವುದಿಲ್ಲ, ಡಬ್ಬಿಯಲ್ಲಿ ಸುಮ್ಮನೆ ಕೂತಿರ್ತದೆ. ಆದ್ರೆ ನಾವು ಮಾಡುವುದೆಂತ? ಗನ್‌ನಲ್ಲಿ ಹಾಕಿ ಮಂಜು ಮಾಡಿ ಶ್ವಾಸಕೋಶಕ್ಕೇ ಕಳಿಸುವುದು. ವಾಸನೆ ಕಮ್ಮಿ ಅಂತ ಅಂಗಡಿಯವ ಹೇಳಿದ್ದು ನಿಜ, ಅದೇ ತೊಂದರೆ. ಥಿನ್ನರ್ ಆದ್ರೆ ಮೂಗು ಎಚ್ಚರಿಸ್ತದೆ, ಇದು ಮೂಗಿಗೆ ಗೊತ್ತಾಗುವಷ್ಟು ಆಗುವಾಗ ಕೆಲಸ ಮುಗಿದಿರ್ತದೆ.

ನನ್ನ ಜೊತೆ ಒಬ್ಬ ಇದ್ದ, ಒಳ್ಳೆ ಕೈ ಅವನದ್ದು, ಕ್ಲಿಯರ್ ಕೋಟ್ ಹೊಡೆದ್ರೆ ಅದ್ರಲ್ಲಿ ಮುಖ ನೋಡಿ ಶೇವ್ ಮಾಡಬಹುದು. ಸೆಕೆ ಅಂತ ಮಾಸ್ಕ್ ಕುತ್ತಿಗೆಗೆ ಇಳಿಸಿ ಹೊಡೀತಿದ್ದ. ಮೊದಲು ರಾತ್ರಿ ಕೆಮ್ಮು, ಎಸಿಯಿಂದ ಅಂದ. ಮತ್ತೆ ಎದೆ ಬಿಗಿಯುವುದು, ರಜೆಯಲ್ಲಿ ಊರಿಗೆ ಹೋದ್ರೆ ಸರಿ ಆಗುವುದು, ಬಂದ ಮೇಲೆ ಪುನಃ ಶುರು. ಕೊನೆಗೆ ಯಾರೋ ಪಕ್ಕದ ಶೆಡ್ಡಲ್ಲಿ ಹಾರ್ಡ್‌ನರ್ ಬೆರೆಸಿದ್ರೂ ಅವನಿಗೆ ಉಬ್ಬಸ ಬರ್ತಿತ್ತು. ಒಮ್ಮೆ ದೇಹ ಅದನ್ನು ಹಿಡ್ಕೊಂಡ್ರೆ ಮತ್ತೆ ಒಂದು ಚೂರು ಸಾಕು. ಔಷಧಿ ಅಂದ್ರೆ ಆ ಕೆಲಸ ಬಿಡುವುದೇ. ಈಗ ಅವ ಊರಲ್ಲಿ ಆಟೋ ಓಡಿಸ್ತಾನೆ. ನಮ್ಮಲ್ಲಿ ಈಗ ಪಿಯು ಅಂದ್ರೆ ಬೂತ್ ಒಳಗೆ, ಹೊರಗಿನ ಶುದ್ಧ ಗಾಳಿ ಪೈಪಲ್ಲಿ ಬರುವ ಮಾಸ್ಕ್, ಗ್ಲೌಸ್, ಮೈ ಪೂರ್ತಿ ಮುಚ್ಚುವ ಸೂಟ್, ಚರ್ಮಕ್ಕೆ ತಾಗಿದ್ರೂ ತೊಂದರೆ ಉಂಟು ಅದಕ್ಕೆ.

ಎನ್95 ವಿಷಯ. ಅದು ಹನಿ ಧೂಳು ತಡೀತದೆ, ಥಿನ್ನರ್ ಆವಿ ಸೀದಾ ದಾಟ್ತದೆ, ಸೊಳ್ಳೆಪರದೆಯಲ್ಲಿ ಹೊಗೆ ದಾಟಿದ ಹಾಗೆ. ಎನ್‌ಸಿಗೆ ನಿಮಗೆ ಬೇಕಾದ್ದು ರಬ್ಬರಿನ ಅರ್ಧ ಮುಖದ ಮಾಸ್ಕ್, ಎರಡು ಕಡೆ ಡಬ್ಬಿ ಇರ್ತದಲ್ಲ, ಅದಕ್ಕೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್, ಅದರ ಮೇಲೆ ಹನಿ ತಡೆಯುವ ತೆಳು ಫಿಲ್ಟರ್. ಹಾಕಿದ ಮೇಲೆ ಎರಡೂ ಡಬ್ಬಿ ಅಂಗೈಯಲ್ಲಿ ಮುಚ್ಚಿ ಉಸಿರು ಎಳೀರಿ, ಮಾಸ್ಕ್ ಮುಖಕ್ಕೆ ಚಪ್ಪಟೆ ಅಂಟ್ಬೇಕು, ಸುಯ್ ಅಂತ ಗಾಳಿ ಬಂದ್ರೆ ಬೆಲ್ಟ್ ಸರಿ ಇಲ್ಲ ಅಂತ ಲೆಕ್ಕ. ಗಡ್ಡ ಇದ್ರೆ ತೆಗೀಬೇಕು, ಬೇಜಾರು ಮಾಡ್ಬೇಡಿ ಆಯ್ತಾ. ಕೆಲಸ ಮುಗಿದ ಮೇಲೆ ಕಾರ್ಟ್ರಿಜನ್ನು ಜಿಪ್ ಕವರಲ್ಲಿ ಹಾಕಿಡಿ, ಹೊರಗೆ ನೇತುಹಾಕಿದ್ರೆ ಅದು ಮನೆಯ ಗಾಳಿಯನ್ನೇ ಕುಡಿದು ಕುಡಿದು ಮುಗೀತದೆ. ಮಾಸ್ಕ್ ಒಳಗೆ ಥಿನ್ನರ್ ವಾಸನೆ ಬಂದ ದಿನ ಬದಲಾಯಿಸಿ.

ಒಂದು ತಮಾಷೆ ಗೊತ್ತುಂಟಾ, ಈ ಗನ್‌ನ ಮೂಲ ಒಬ್ಬ ಡಾಕ್ಟರ್. ಅಮೆರಿಕದ ಟೊಲೀಡೊದಲ್ಲಿ ಅಲೆನ್ ಡಿವಿಲ್ಬಿಸ್ ಅಂತ ಇದ್ರು, 1880ರ ದಶಕದಲ್ಲಿ ರೋಗಿಗಳ ಗಂಟಲಿಗೆ ಔಷಧಿ ಸಿಂಪಡಿಸ್ಲಿಕ್ಕೆ ಅಟೊಮೈಸರ್ ಮಾಡಿದವ್ರು, ಮಗ ಅದನ್ನೇ ಪೇಂಟಿಗೆ ತಿರುಗಿಸಿದ್ದು. ಡ್ಯೂಕೋ ಸಹ 1920ರ ದಶಕದಲ್ಲಿ ಡ್ಯುಪಾಂಟ್ ಕಂಪನಿ ತಂದ ಒಂದು ಬ್ರಾಂಡ್ ಹೆಸರು ಅಷ್ಟೇ, ನಮ್ಮವರು ಇವತ್ತಿಗೂ ಯಾವ ಕಂಪನಿಯ ಎನ್‌ಸಿ ಆದ್ರೂ ಡ್ಯೂಕೋ ಅಂತಲೇ ಕರೆಯುವುದು.

ಹಳೇ_ಬ್ರಷ್:

ಇಷ್ಟೆಲ್ಲಾ ಹೆದ್ರಿಸಿದ್ರೆ ಯಾರ್ ಪೇಂಟ್ ಹೊಡೀತಾರೆ. ನಾವು ಇಪ್ಪತ್ತೈದು ವರ್ಷ ಒದ್ದೆ ಕರ್ಚೀಫ್ ಕಟ್ಕೊಂಡು ಹೊಡ್ದಿದೀವಿ, ಕೆಲ್ಸ ಆದ್ಮೇಲೆ ಒಂದು ತುಂಡು ಬೆಲ್ಲ ತಿಂದು ಹಾಲು ಕುಡಿದ್ರೆ ಆಯ್ತು, ಏನೂ ಆಗಲ್ಲ.

ಕುಡ್ಲ_ಟು_ಅಬುಧಾಬಿ:

ಅಣ್ಣ, ಬೆಲ್ಲ ಹೋಗುವುದು ಹೊಟ್ಟೆಗೆ, ಥಿನ್ನರ್ ಹೋಗುವುದು ಶ್ವಾಸಕೋಶಕ್ಕೆ, ಎರಡರ ದಾರಿ ಬೇರೆ. ನಿಮ್ಮ ಜೊತೆ ಕೆಲಸ ಕಲಿತವರಲ್ಲಿ ಇವತ್ತಿಗೂ ಗನ್ ಹಿಡಿಯುವವರು ಎಷ್ಟು ಜನ ಇದ್ದಾರೆ, ಒಮ್ಮೆ ಲೆಕ್ಕ ಹಾಕಿ ನೋಡಿ.

ಹಳೇ_ಬ್ರಷ್:

ಲೆಕ್ಕ ಹಾಕ್ದೆ. ಬಿಡಿ, ಮಾಸ್ಕ್ ಹಾಕ್ಕೊಳ್ಳಿ ಹುಡುಗ್ರು.

ಹುಬ್ಬಳ್ಳಿ_ಟಿಂಕರ್:

ಗನ್ ಪಿಚಕ್ ಪಿಚಕ್ ಉಗುಳೂದು ಯಾರೂ ಹೇಳ್ಲಿಲ್ಲ, ನಾನ ಹೇಳ್ತೀನಿ. ಕಪ್ಪಿನ ಮುಚ್ಚಳದಾಗ ಸೂಜಿ ಮೊನಿಯಷ್ಟ ಒಂದ ತೂತ ಇರತೈತಿ, ಗಾಳಿ ಒಳಗ ಹೋಗಾಕ. ಗನ್ ಬಗ್ಗಿಸಿದಾಗ ಪೇಂಟ್ ಅಲ್ಲಿ ಕುಂತು ಒಣಗಿರತೈತಿ. ಗಾಳಿ ಹೋಗಲಿಲ್ಲಂದ್ರ ಪೇಂಟ್ ಇಳಿಯಂಗಿಲ್ಲ, ಹಾಲಿನ ಡಬ್ಬಿಗೆ ಒಂದ ತೂತ ಹೊಡದ್ರ ಗುಟಕ್ ಗುಟಕ್ ಅಂತೈತಲ್ಲ, ಹಂಗ. ಮೊದ್ಲ ಅದನ್ನ ನೋಡು. ಅದು ಬಿಚ್ಚೇ ಇದ್ರ ಮುಂದಿನ ನಾಝಲ್ ಸಡ್ಲ ಆಗೈತಿ, ಪಾನಾ ಹಾಕಿ ಬಿಗಿ ಮಾಡು, ಭಾಳ ಜೋರಿಲೆ ಅಲ್ಲ. ಅದೂ ಸರಿ ಇದ್ರ ಸೂಜಿ ಹಿಂದಿನ ಪ್ಯಾಕಿಂಗ್ ಒಣಗೈತಿ, ಒಂದ ಹನಿ ಗನ್ ಎಣ್ಣಿ ಬಿಡು, ಸಿಲಿಕಾನ್ ಇರೂದು ಹಾಕಬ್ಯಾಡ, ಅದು ಪೇಂಟಿಗೆ ಹತ್ತಿದ್ರ ಮೀನಿನ ಕಣ್ಣಿನಂಗ ಗುಳಿ ಬೀಳತಾವು.

ಹೊಡಿಯೂ ಮೊದ್ಲ ರಟ್ಟಿನ ಮ್ಯಾಲ ಒಂದ ಸೆಕೆಂಡ್ ಒತ್ತಿ ಗುರುತ ನೋಡು. ಉದ್ದಕ ಎರಡೂ ತುದಿ ಸಮ ಇದ್ರ ಛಲೋ. ಬಾಳೆಹಣ್ಣಿನಂಗ ಒಂದ ಕಡೆ ಬಾಗಿತ್ತಂದ್ರ ಏರ್ ಕ್ಯಾಪಿನ ಎರಡು ಕೊಂಬಿನ್ಯಾಗ ಒಂದರ ತೂತ ಮುಚ್ಚೈತಿ. ಖಾತ್ರಿ ಮಾಡ್ಕೋಬೇಕಂದ್ರ ಏರ್ ಕ್ಯಾಪ್ ಅರ್ಧ ಸುತ್ತ ತಿರುಗಿಸಿ ಮತ್ತೊಮ್ಮೆ ಒತ್ತು, ಬಾಗಿದ್ದು ಆಚೀಕಡೆ ಹೋಯ್ತಂದ್ರ ಕ್ಯಾಪಿಂದ ದೋಷ, ಅಲ್ಲೇ ಇದ್ರ ನಾಝಲ್ದು. ತೂತಿಗೆ ತಂತಿ, ಪಿನ್ನು ಹಾಕ್ಬ್ಯಾಡ, ಒಮ್ಮೆ ತೂತ ಅಗಲ ಆತಂದ್ರ ಗನ್ ಗುಜರಿಗೆ. ಹಲ್ಲಕಡ್ಡಿ ಹಾಕು. ಮತ್ತ ಇಡೀ ಗನ್ನ ರಾತ್ರಿ ಪೂರ್ತಿ ಥಿನ್ನರಿನ್ಯಾಗ ಮುಳುಗಿಸಿ ಇಡೂ ಚಟ ಇದ್ರ ಬಿಡು, ಪ್ಯಾಕಿಂಗ್ ಎಲ್ಲಾ ಹಾಳಾಗತಾವು. ಬಿಚ್ಚೂ ಮೊದ್ಲ ಗಾಳಿ ಪೈಪ್ ತಗಿ. ಗಾಳಿ ಪೈಪ್ ಹಚ್ಚಿ ಮೈಮ್ಯಾಗಿನ ಧೂಳ ಹೊಡಕೊಳ್ಳೂದೂ ಬ್ಯಾಡ, ಗಾಯ ಇದ್ದಲ್ಲಿ ಗಾಳಿ ಚರ್ಮದ ಒಳಗ ಹೋಗತೈತಿ, ಕಣ್ಣಿಗೆ ಬಡದ್ರ ಅದರ ಕಥಿನ ಬ್ಯಾರೆ.

ಮತ್ತ ಆ ಟ್ಯಾಂಕಿನ ತಿರುಪಿಂದು ಕೇಳಿದ್ದೆ. ಉತ್ತರ ಬರ್ಲಿಲ್ಲ.

ಸಾಗರದ_ಹುಡುಗ:

ಲೇಟಾಗಿದ್ದಕ್ಕೆ ಸಾರಿ. ಹತ್ತು ದಿನ ಮಳೆ ಬಿಡ್ಲೇ ಇಲ್ಲ, ಈಗ ಎರಡು ದಿನ ಹೊಳವಾಗಿತ್ತು, ಅಡಿಕೆ ಕೆಲ್ಸ ಬಿಟ್ಟು ಇದನ್ನೇ ಮಾಡ್ದೆ. ಬೀರುನ ನಾಲ್ಕು ಜನ ಹಿಡ್ಕೊಂಡು ಕೊಟ್ಟಿಗೆ ಪಕ್ಕದ ಚಪ್ಪರಕ್ಕೆ ತಂದ್ವಿ, ಕಂಪ್ರೆಸರ್ ದೂರದಲ್ಲಿ ಜಗಲಿ ಮೇಲೆ, ಒಲೆ ಹಚ್ಚೋದು ಸಂಜೆವರೆಗೂ ಬಂದ್ ಅಂತ ಅಮ್ಮಂಗೆ ಹೇಳಿ ಬೈಸ್ಕೊಂಡೆ. ಬಲಗಡೆ ಬಾಗಿಲಿಗೆ ರಿಟಾರ್ಡರ್ ಮಂಜು ಬಿಟ್ಟೆ ನೋಡಿ, ಕಣ್ಣೆದುರಿಗೇ ಬೂದಿ ಹೋಗಿ ಕಪ್ಪು ಬಂತು, ಅದನ್ನ ನೋಡೋಕೆ ಪಕ್ಕದ ಮನೆಯವರೂ ಬಂದಿದ್ರು. ಗುಳಿ ಗುಳಿ ಇದ್ದ ಕಡೆ ಪೇಪರ್ ಹಾಕಿ ಇನ್ನೊಂದು ಕೋಟ್. ಎಡಗಡೆ ಬಾಗಿಲು ನೀರು ಹಾಕಿ ತಗಡಿನವರೆಗೂ ಉಜ್ಜೋಕೆ ಒಂದಿಡೀ ದಿನ ಹಿಡೀತು, ಭುಜ ಇನ್ನೂ ನೋಯ್ತಿದೆ. ಸೋರಿದ್ದು ಒಂದೇ ಕಡೆ, ಕೆಳಗಿನ ಮೂಲೇಲಿ, ಟ್ರಿಗರ್ ಬಿಡೋದು ಮರೆತೆ. ಉಗುಳ್ತಿದ್ದಿದ್ದು ಮುಚ್ಚಳದ ತೂತೇ.

ತಿರುಪು ತೆಗೆದಿರ್ಲಿಲ್ಲ ಅಣ್ಣ, ಅಲ್ಲೊಂದು ತಿರುಪಿದೆ ಅಂತಾನೇ ಗೊತ್ತಿರ್ಲಿಲ್ಲ, ಅದಕ್ಕೇ ಸುಮ್ನಿದ್ದೆ. ನಿನ್ನೆ ಟ್ಯಾಂಕಿನ ಗಾಳಿ ಮುಕ್ಕಾಲು ಇಳಿಸಿ ತೆಗೆದ್ರೆ ಬುಸ್ ಅಂತ ಕಾಫಿ ಡಿಕಾಕ್ಷನ್ ಥರ ನೀರು, ದೊಡ್ಡ ಲೋಟದಲ್ಲಿ ಅರ್ಧ ಬಂತು. ಇದು ಇಷ್ಟು ದಿನ ಪೇಂಟ್ ಜೊತೆ ಹೋಗ್ತಿತ್ತಾ?

ಹುಬ್ಬಳ್ಳಿ_ಟಿಂಕರ್:

ಅದರಾಗಿಂದ ಒಂದಿಷ್ಟು ಹೋಗಿರತೈತಿ ತಮ್ಮಾ. ಮಳಿಗಾಲದ ಹವಾ ಒತ್ತಿ ಒಳಗ ತುಂಬಿದಿ ಅಂದ್ರ ನೀರ ಬ್ಯಾರೆ ಆಗೂದ, ಟ್ಯಾಂಕ್ ತಣ್ಣಗಾದಾಗ ತಳಕ್ಕ ಕುಂದರತೈತಿ. ಕೆಲ್ಸ ಮಾಡಿದ ದಿನಾ ಸಂಜಿಗೆ ತೆರಿ, ಇಲ್ಲಂದ್ರ ಟ್ಯಾಂಕ್ ಒಳಗಿಂದ ತುಕ್ಕ ಹಿಡದು ಒಂದಿನ ಸಿಡೀತೈತಿ. ರೆಗ್ಯುಲೇಟರ್ ಹಂತ್ಯಾಕ ಒಂದ ವಾಟರ್ ಟ್ರ್ಯಾಪ್ ಹಾಕು, ಗಾಜಿನ ಬಟ್ಟಲದಂಗ ಇರತೈತಿ, ಭಾಳ ರೊಕ್ಕ ಏನಿಲ್ಲ. ಬೀರುಂದ ಫೋಟೋ ಹಾಕು.